ಆಸನದಲ್ಲಿ ಹಠವೆಷ್ಟು?

ಯೋಗಾಸನ ಕಲಿಯುವಾಗ ಆಗುವ ನೋವನ್ನು ಸಾಧನೆಯೆಂದು ಸಹಿಸಬೇಕೆ, ದೇಹಕ್ಕೆ ಮಾಡುವ ಹಿಂಸೆಯೆಂದು ನಿಲ್ಲಿಸಬೇಕೆ? ರಾಯದುರ್ಗ, ಮಡಕಶಿರ ಭಾಗದ ಸದ್ಭಕ್ತರು ಪದ್ಮಾಸನ ಕೂಡಿಸಲೇಬೇಕೆಂದು ಛಲ ಹಿಡಿಯುವುದರಿಂದ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ.

ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ಯರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಬಳಿ ಕಲಿಯುತ್ತಿದ್ದಾಗ, ಹನುಮಾನಾಸನ ಮಾಡಿ ತೋರಿಸಲು ಅಪ್ಪಣೆಯಾಯಿತು. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನೆಲಕ್ಕೆ ತಾಗುವಂತೆ ಚಾಚುವ ಆಸನವದು, ಅವರಿಗೆ ಅಭ್ಯಾಸವಿರಲಿಲ್ಲ. ಮಾಡಿದರು, ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಬಹುಕಾಲ ಸರಿಯಾಗಿ ನಡೆಯಲಾಗಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ.

ಗುರುವಾಕ್ಯ ಮೀರಬಾರದೆಂದು ನಂಬಿದ ನಮಗೆ ಇದು ಇರಿಸುಮುರುಸಿನ ಸಂಗತಿಯೇ. ಆದರೂ, "ದೇಹ ಇನ್ನೂ ಸಿದ್ಧವಾಗಿಲ್ಲ" ಎಂದು ಗುರುವಿಗೆ ತಿಳಿಸುವುದು ಅವಿಧೇಯತೆಯಲ್ಲವೆಂದು ನಮ್ಮ ಅಭಿಪ್ರಾಯ. ಮುಂದೆ ಪುಣೆಯಲ್ಲಿ ಅದೇ ಅಯ್ಯಂಗಾರ್ಯರು ಮಡಿಸಿದ ಕಂಬಳಿ, ಮರದ ಇಟ್ಟಿಗೆ, ಪಟ್ಟಿಗಳ ಆಸರೆಯಿಂದ ಆಸನ ಕಲಿಸಿ ಲೋಕಪ್ರಸಿದ್ಧರಾದರು. ಆಸರೆ ಪಡೆಯುವುದು ನಾಚಿಕೆಯ ಮಾತಲ್ಲ.

ಪದ್ಮಾಸನದಲ್ಲಿ ತೊಡೆ ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಲ್ಲಿ. ಮಂಡಿಯಾದರೋ ಬಾಗಿಲಿನ ಕೀಲಿನಂತೆ, ಮುಖ್ಯವಾಗಿ ಮಡಚಲಿಕ್ಕೆ ಇರುವುದು. ಸೊಂಟ ತಿರುಗದಿದ್ದರೂ ಪಾದವನ್ನು ಎಳೆದು ತೊಡೆಯ ಮೇಲಿಟ್ಟರೆ ಆ ತಿರುಚು ಮಂಡಿಗೆ ಬಿದ್ದು, ಒಳಗಿನ ಮೆತ್ತೆಯಂಥ ಮೃದ್ವಸ್ಥಿ ಹರಿಯಬಹುದು. ತೊಡೆಮೂಳೆಯ ಗುಂಡು ಕೂರುವ ಗುಳಿಯೂ ಎಲ್ಲರಲ್ಲಿ ಒಂದೇ ಆಳದ್ದಲ್ಲ. ಪಕ್ಕದವರಿಗೆ ವಾರದಲ್ಲಿ ಬಂದದ್ದು ನಮಗೆ ಎಂದೂ ಬಾರದಿರಬಹುದು. ಅದಕ್ಕೆ ಭಕ್ತಿಯ ಕೊರತೆ ಕಾರಣವಲ್ಲ.

"ನನ್ನ ದೇಹ, ನನ್ನ ನೋವು" ಎನ್ನುವವರುಂಟು. ಕಡಲೆಕಾಯಿ ಕೀಳುವ ಕಾಲಕ್ಕೆ ಯಜಮಾನನ ಮಂಡಿ ಊದಿದರೆ ಹೊಲದ ಕೆಲಸ ಹೆಂಡತಿ ಮಕ್ಕಳ ಹೆಗಲಿಗೆ ಬೀಳುತ್ತದೆ. ಲಾಭ ತೋರಿಸಲು ಅಸಲು ಕರಗಿಸುವ ಲೆಕ್ಕವನ್ನು ನಮ್ಮ ವರ್ತಕ ಭಕ್ತರು ಒಪ್ಪುವರೇ?

ಹಾಗೆಂದು ಮೊದಲ ಬಿಗಿತಕ್ಕೇ ಎದ್ದುಬಿಡುವುದೂ ಸಲ್ಲದು. ದಿನವೂ ಮೈ ಬೆಚ್ಚಗಾದ ಮೇಲೆ ಕಂಬಳಿ ಮಡಿಸಿ ಅದರ ಮೇಲೆ ಕುಳಿತು, ಅಂಗಾಲು ಜೋಡಿಸಿ ಬದ್ಧಕೋನಾಸನ ಮಾಡಿರಿ. ಮಂಡಿಯನ್ನು ಕೈಯಿಂದ ಅದುಮಬೇಡಿ, ತೊಡೆ ತನ್ನ ಭಾರಕ್ಕೆ ತಾನೇ ಇಳಿಯಲಿ. ತಿಂಗಳುಗಳ ಬಳಿಕ ಅರ್ಧಪದ್ಮಾಸನ. ತೊಡೆ, ಪೃಷ್ಠಗಳಲ್ಲಿ ಹದವಾದ ಸೆಳೆತ ಸಹಜ. ಮಂಡಿಯಲ್ಲಿ ಚುಚ್ಚಿದರೆ ಆ ಕ್ಷಣವೇ ಬಿಚ್ಚಿರಿ. ಕೀಲಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ತೊಡಗಬಾರದು.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸಬೇಕಾದ ಹೊತ್ತಿನಲ್ಲಿ ಮನಸ್ಸೆಲ್ಲ ಮಂಡಿಯ ನೋವಿನಲ್ಲಿದ್ದರೆ ಪದ್ಮಾಸನದಿಂದ ಬಂದ ಪ್ರಯೋಜನವೇನು? ವಯಸ್ಸಾದವರು ಕುರ್ಚಿಯ ಮೇಲೆ ಬೆನ್ನು ನೇರವಾಗಿಟ್ಟು ಕುಳಿತು ಪೂಜೆ ಮಾಡಿಕೊಳ್ಳಲಿ.