ಹನ್ನೆರಡು ಎಳೆ, ಒಂದು ಬಟ್ಟೆ

2024ರ ಆಗಸ್ಟ್ 11ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಇಟಲಿಯ ಮಹಿಳೆಯರು ಅಮೆರಿಕವನ್ನು 3-0ರಿಂದ ಮಣಿಸಿದರು. ಒಲಿಂಪಿಕ್ ವಾಲಿಬಾಲ್‌ನಲ್ಲಿ ಇಟಲಿಗೆ ಅದೇ ಮೊದಲ ಚಿನ್ನ. ಅಲ್ಲಿನ ಗಂಡಸರ ತಂಡಕ್ಕೂ ಅದುವರೆಗೆ ದಕ್ಕಿರಲಿಲ್ಲ. ಗೆಲುವಿನ ಬೆನ್ನಿಗೇ ರೋಮ್‌ನಲ್ಲಿ, ಇಟಲಿಯ ಒಲಿಂಪಿಕ್ ಸಮಿತಿಯ ಕಚೇರಿಯ ಹತ್ತಿರದ ಗೋಡೆಯ ಮೇಲೆ, ಆ ತಂಡದ ಪಾವೊಲಾ ಎಗೊನು ಚೆಂಡು ಹೊಡೆಯುತ್ತಿರುವ ಚಿತ್ರವೊಂದು ಮೂಡಿತು. ಅದರ ಬಣ್ಣ ಆರುವಷ್ಟರಲ್ಲಿ ಯಾರೋ ಬಂದು ಆ ಕಂದು ಮೈಗೆ ಗುಲಾಬಿ ಬಣ್ಣ ಬಳಿದು ಹೋದರು. ಎಗೊನು ಹುಟ್ಟಿದ್ದು ಇಟಲಿಯಲ್ಲೇ, ತಂದೆತಾಯಿ ನೈಜೀರಿಯಾದಿಂದ ಬಂದವರು. ಬಳಿದ ಕೈಯಲ್ಲಿ ದ್ವೇಷವಿತ್ತು, ನಿಜ. ಆದರೆ ಆ ದ್ವೇಷದೊಳಗೆ ಒಂದು ತತ್ತ್ವವೂ ಅಡಗಿತ್ತು: ದೇಶದ ತಂಡಕ್ಕೆ ಆಟಗಾರ್ತಿಯರಿಗಿಂತ ಮೊದಲೇ ಇರುವ, ರಕ್ತದಲ್ಲಿ ಹರಿದುಬರುವ ಒಂದು ಆತ್ಮವಿದೆ, ಅದು ಯಾರಲ್ಲಿ ಕಾಣದೋ ಅವರು ದೇಶದ ಅಂಗಿ ತೊಟ್ಟ ಹೊರಗಿನವರು. ಇದನ್ನು ಕೇಳಿ ನೊಂದುಕೊಂಡರೆ ಸಾಲದು. ಎಲ್ಲಿ ತಪ್ಪಿದೆಯೆಂದು ತರ್ಕದಿಂದಲೇ ತೋರಿಸಬೇಕು.

ಬಿಡಿಬಿಡಿಯಾದವು ಸೇರಿ ಒಂದಾಗುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ರಥ, ಬಟ್ಟೆ, ಸೈನ್ಯ, ಕಾಡುಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಜಗ್ಗಾಡಿದ್ದಾರೆ. ಬೌದ್ಧ ಗ್ರಂಥ ಮಿಲಿಂದಪಞ್ಹದ ನಾಗಸೇನ ಭಿಕ್ಷು ಗಾಲಿ, ಅಚ್ಚು, ನೊಗ ಎಂದು ಒಂದೊಂದನ್ನೇ ಎತ್ತಿ ತೋರಿಸಿ, ಇವುಗಳಲ್ಲಿ ಯಾವುದೂ ರಥವಲ್ಲ, ಇವೆಲ್ಲ ಕೂಡಿದಾಗ ನಾವಿಡುವ ಹೆಸರೇ ರಥ ಎಂದು ದೊರೆ ಮಿಲಿಂದನನ್ನು ಒಪ್ಪಿಸುತ್ತಾನೆ. ಈ ಲೆಕ್ಕದಲ್ಲಿ ಇಟಲಿ ತಂಡವೆಂದರೆ ಪಟ್ಟಿಯಲ್ಲಿರುವ ಹೆಸರುಗಳು, ಅಷ್ಟೆ. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಎಳೆಗಳಿಂದಾದ ಬಟ್ಟೆ ಎಳೆಗಳಿಗಿಂತ ಬೇರೆಯೇ ಆದ ವಸ್ತು, ಅವಯವಿ, ಎಂದರು. ಅವರು ಕೊಟ್ಟ ಸಾಕ್ಷ್ಯಗಳಲ್ಲಿ ಒಂದು ಹಿಡಿತ ಮತ್ತು ಸೆಳೆತ: ಒಂದು ತುದಿ ಹಿಡಿದೆಳೆದರೆ ಇಡೀ ವಸ್ತು ಬರುತ್ತದೆ, ಬರಿಯ ರಾಶಿ ಹಾಗೆ ಬರುವುದಿಲ್ಲ. ಆದರೆ ಸೈನ್ಯಕ್ಕೆ, ಕಾಡಿಗೆ ಅವರೂ ಈ ಪದವಿ ಕೊಡಲಿಲ್ಲ. ಅವು ದೂರದಿಂದ ಒಂದೆಂದು ಕಾಣುವ ಗುಂಪುಗಳು. ತಂಡವೂ ಮೇಲ್ನೋಟಕ್ಕೆ ಸೈನ್ಯದ ಸಾಲಿಗೇ ಸೇರಬೇಕು. ನಾನು ಹೇಳಹೊರಟಿರುವುದು, ಅದು ಬಟ್ಟೆಯ ಸಾಲಿನದು ಎಂದು. ಮತ್ತು ಅದರ ಒಂದಾಗುವಿಕೆ ನೇಯ್ಗೆಯಿಂದ ಬಂದದ್ದೇ ಹೊರತು ನೂಲಿನ ಬಣ್ಣದಿಂದಲ್ಲ ಎಂದು.

ವಾಲಿಬಾಲ್‌ನ ನಿಯಮಗಳನ್ನೇ ನೋಡಿ. ಫುಟ್‌ಬಾಲ್‌ನಲ್ಲಿ ಒಬ್ಬಳು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಅರ್ಧ ಮೈದಾನ ಓಡಬಹುದು. ಇಲ್ಲಿ ಚೆಂಡನ್ನು ಹಿಡಿಯುವಂತಿಲ್ಲ. ಬ್ಲಾಕ್‌ನ ಸಂದರ್ಭ ಬಿಟ್ಟರೆ ಒಬ್ಬಳೇ ಬೆನ್ನುಬೆನ್ನಿಗೆ ಎರಡು ಸಲ ಆಡುವಂತಿಲ್ಲ. ಮೂರು ಹೊಡೆತದೊಳಗೆ ಅದು ನೆಟ್ ದಾಟಬೇಕು. ಎದುರಾಳಿಯ ಸರ್ವ್ ಮುರಿದಾಗಲೆಲ್ಲ ಆರೂ ಜನ ಒಂದೊಂದು ಸ್ಥಾನ ಸರಿಯಬೇಕು. ಮೊದಲ ಪಾಸ್ ಒಂದೆರಡು ಅಡಿ ಆಚೆ ಹೋದರೆ ಸೆಟ್ಟರ್ ಓಡಬೇಕಾಗುತ್ತದೆ, ಅವಳು ಓಡುವಷ್ಟರಲ್ಲಿ ಎದುರು ಬ್ಲಾಕ್ ಎದ್ದು ನಿಂತಿರುತ್ತದೆ, ಸ್ಮ್ಯಾಶ್‌ಗೆಂದು ನೆಗೆದವಳಿಗೆ ದಾರಿಯೇ ಇರುವುದಿಲ್ಲ. ಒಂದು ತುದಿ ಎಳೆದರೆ ಇನ್ನೊಂದು ತುದಿ ಅಲುಗುವುದೆಂದರೆ ಇದೇ. ಸೈನ್ಯದಲ್ಲಿ ಒಬ್ಬ ಯೋಧ ತನ್ನ ಪಾಡಿಗೆ ತಾನು ಕಾದಬಲ್ಲ. ಇಲ್ಲಿ ಒಬ್ಬಳ ಆಟವೆಂಬುದೇ ಇಲ್ಲ.

ನೈಯಾಯಿಕರ ಬಟ್ಟೆಯ ಮಾತಿಗೆ 1964ರ ಟೋಕಿಯೋಗಿಂತ ಒಪ್ಪುವ ನಿದರ್ಶನ ಸಿಗಲಾರದು. ಮಹಿಳಾ ವಾಲಿಬಾಲ್ ಒಲಿಂಪಿಕ್ಸ್‌ಗೆ ಬಂದ ಆ ಮೊದಲ ವರ್ಷ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಚಿನ್ನ ಗೆದ್ದ ಜಪಾನ್ ತಂಡದ ಬಹುತೇಕರು ಒಸಾಕಾ ಬಳಿಯ ಕೈಜುಕಾದಲ್ಲಿದ್ದ ನಿಚಿಬೋ ಎಂಬ ನೂಲಿನ ಗಿರಣಿಯ ನೌಕರರು. ಹಗಲು ಗಿರಣಿಯ ಕೆಲಸ, ಆಮೇಲೆ ನಡುರಾತ್ರಿಯವರೆಗೂ ಕೋಚ್ ದಾಯಿಮಾತ್ಸು ಹಿರೋಬುಮಿ ಅವರ ಕೈಕೆಳಗೆ ಅಭ್ಯಾಸ. ನೆಲಕ್ಕೆ ಬೀಳುವ ಚೆಂಡನ್ನು ಉರುಳಿ ಎತ್ತಿ ಉರುಳಿಯೇ ಎದ್ದು ನಿಲ್ಲುವ ವಿದ್ಯೆಯನ್ನು ಅವರು ಮೈಗೂಡಿಸಿಕೊಂಡದ್ದು ಅಲ್ಲಿ. ನಾಯಕಿ ಕಸಾಯಿ ಮಸಾಯೆ ಮತ್ತು ಗೆಳತಿಯರು ದೇಶದ ಹೆಸರಿನಲ್ಲಿ ಅಂಗಳಕ್ಕೆ ಇಳಿಯುವ ಹೊತ್ತಿಗೆ ಬಟ್ಟೆ ನೇಯ್ದು ಮುಗಿದಿತ್ತು. ದೇಶ ಅದರ ಮೇಲೆ ಮುದ್ರೆ ಒತ್ತಿತು.

ಹಾಗಾದರೆ ದೇಶದ ಪಾತ್ರವೇನು? ನ್ಯಾಯಶಾಸ್ತ್ರ ಬಟ್ಟೆಗೆ ಮೂರು ಕಾರಣಗಳನ್ನು ಹೇಳುತ್ತದೆ. ಎಳೆಗಳು ಸಮವಾಯಿ ಕಾರಣ, ಎಳೆಎಳೆಗಳ ಸಂಯೋಗ ಅಸಮವಾಯಿ ಕಾರಣ, ನೇಕಾರ ಮತ್ತು ಮಗ್ಗ ನಿಮಿತ್ತ ಕಾರಣ. ದೇಶ ಈ ಮೂರನೆಯದು. ಅದು ಕೂಡಿಸುತ್ತದೆ, ಖರ್ಚು ಕೊಡುತ್ತದೆ, ಹೆಸರು ಕೊಡುತ್ತದೆ. ಆದರೆ ನೇಕಾರ ತೀರಿಕೊಂಡರೆ ಬಟ್ಟೆ ಸಾಯುವುದಿಲ್ಲ. ಎಳೆಗಳ ಕೂಟ ಬಿಚ್ಚಿದರೆ ಸಾಯುತ್ತದೆ. ಇತಿಹಾಸ ಇದನ್ನು ಪರೀಕ್ಷಿಸಿಯೇ ತೋರಿಸಿತು. 1988ರಲ್ಲಿ ಸೋಲ್‌ನಲ್ಲಿ ಸೋವಿಯತ್ ತಂಡ ಮೊದಲೆರಡು ಸೆಟ್ ಸೋತು, ಪೆರುವಿನ ವಿರುದ್ಧ ತಿರುಗಿಬಿದ್ದು ಚಿನ್ನ ಗೆದ್ದಿತು. 1991ರ ಡಿಸೆಂಬರ್‌ನಲ್ಲಿ ಆ ದೇಶವೇ ಇಲ್ಲವಾಯಿತು. 1992ರ ಬಾರ್ಸಿಲೋನಾದಲ್ಲಿ ಅದೇ ಕೋಚ್ ನಿಕೊಲಾಯ್ ಕಾರ್ಪೊಲ್, ವಲೆಂತೀನಾ ಒಗಿಯೆಂಕೊ ಮೊದಲಾದ ಹಳಬರನ್ನೂ ಕೂಡಿಕೊಂಡು, ಒಲಿಂಪಿಕ್ ಧ್ವಜದ ಕೆಳಗೆ ಫೈನಲ್‌ವರೆಗೆ ಬಂದು ಕ್ಯೂಬಾಕ್ಕೆ ಸೋತರು. 2006ರಲ್ಲಿ ಮಾಂಟೆನೆಗ್ರೊ ಜೂನ್‌ನಲ್ಲೇ ಬೇರೆಯಾಗಿದ್ದರೂ ವರ್ಷದ ಕೊನೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ತಂಡದ ಹೆಸರು ಸರ್ಬಿಯಾ ಮತ್ತು ಮಾಂಟೆನೆಗ್ರೊ. ರಾಷ್ಟ್ರವೇ ತಂಡದ ಆತ್ಮವಾಗಿದ್ದರೆ ಈ ಎರಡು ತಂಡಗಳೂ ಅಂಗಳಕ್ಕೆ ಇಳಿಯುವ ಮುನ್ನವೇ ಹೆಣವಾಗಿರಬೇಕಿತ್ತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ನೇಯ್ಗೆಯೇ ಎಲ್ಲವಾದರೆ ದೇಶದ ತಂಡಕ್ಕೂ ಹಣ ಕೊಟ್ಟು ಕಟ್ಟಿದ ಕ್ಲಬ್ಬಿಗೂ ವ್ಯತ್ಯಾಸವೇನು? ಕ್ಯೂಬಾಕ್ಕೆ 1996 ಮತ್ತು 2000ದಲ್ಲಿ ಚಿನ್ನ ಗೆದ್ದುಕೊಟ್ಟ ತಾಯಿಸ್ಮರಿ ಅಗ್ವೆರೊ ಮುಂದೆ ಇಟಲಿಗೆ ಆಡಿದರು. 1984ರಲ್ಲಿ ಚೀನಾದ ಆಟಗಾರ್ತಿಯಾಗಿ ಚಿನ್ನ ಪಡೆದ ಲಾಂಗ್ ಪಿಂಗ್, 2008ರಲ್ಲಿ ಬೀಜಿಂಗ್‌ನಲ್ಲೇ ಅಮೆರಿಕದ ಕೋಚ್ ಆಗಿ ಬೆಳ್ಳಿ ಗೆದ್ದರು, 2016ರಲ್ಲಿ ಮತ್ತೆ ಚೀನಾಕ್ಕೆ ಚಿನ್ನ ತಂದರು. ನಿಷ್ಠೆಗೆ ಬೆಲೆಯೇ ಇಲ್ಲವೇ ಎಂದು ಕೇಳುವವರ ಸಂಕಟ ಸುಳ್ಳಲ್ಲ. ಆದರೆ ನಿಷ್ಠೆ ಎಂಬುದು ಕೂಡುವ ಕ್ರಿಯೆ, ವರುಷಗಟ್ಟಲೆ ಒಬ್ಬರ ಕೈಯ ಚೆಂಡಿಗೆ ಇನ್ನೊಬ್ಬರು ಕಾದು ನಿಲ್ಲುವುದು. ಹುಟ್ಟು ಅದನ್ನು ಕೊಡುವುದಿಲ್ಲ. ದೇಶದ ತಂಡದಲ್ಲಿ ಕ್ಲಬ್ಬಿಗಿಲ್ಲದ ಇನ್ನೊಂದು ಎಳೆಯೂ ಇದೆ, ಲಕ್ಷಾಂತರ ಅಪರಿಚಿತರ ನಿರೀಕ್ಷೆ. 1964ರ ಫೈನಲ್ ಜಪಾನ್‌ನ ಟೀವಿಯಲ್ಲಿ ಶೇ. 66.8ರಷ್ಟು ವೀಕ್ಷಣೆ ಕಂಡಿತು. ಅದೂ ನೇಯ್ದದ್ದೇ, ಹುಟ್ಟಿನಿಂದ ಬಂದದ್ದಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಬಟ್ಟೆಯೇ ನಿಜವೆಂದರೆ ಎಳೆ ಸವೆದುಹೋದರೂ ಚಿಂತೆಯಿಲ್ಲ ಎಂದಾಗುತ್ತದೆ; ಕೈಜುಕಾದ ಹೆಣ್ಣುಮಕ್ಕಳ ಮೇಲೆ ಹೇರಿದ ಕಠಿಣ ಅಭ್ಯಾಸದ ಬಗ್ಗೆ ಜಪಾನ್‌ನಲ್ಲೇ ಟೀಕೆ ಎದ್ದಿತ್ತು. ಮೇಲಾಗಿ, ಒಂದು ಎಳೆ ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸದು ಹುಟ್ಟುತ್ತದೆ ಎನ್ನುವ ನ್ಯಾಯಮತದಂತೆ ಬದಲಿ ಆಟಗಾರ್ತಿ ಬಂದಾಗಲೆಲ್ಲ ಹೊಸ ತಂಡ ಹುಟ್ಟಿತೆನ್ನಬೇಕಾಗುತ್ತದೆ. ಇಲ್ಲಿ ಉಡುಪಿಯ ಮಧ್ವಾಚಾರ್ಯರ ವಿಂಗಡಣೆ ಹೆಚ್ಚು ಮಾನವೀಯವಾಗಿ ಕಾಣುತ್ತದೆ. ವಸ್ತು ಇರುವಷ್ಟು ಕಾಲವೂ ಇರುವ ಅಂಶಕ್ಕೂ ವಸ್ತುವಿಗೂ ಅಭೇದ; ಬಂದು ಹೋಗುವ ಅಂಶಕ್ಕೂ ವಸ್ತುವಿಗೂ ಭೇದಾಭೇದ. ಆಟಗಾರ್ತಿ ತಂಡವೇ ಹೌದು, ಆದ್ದರಿಂದ ಅವಳನ್ನು ಹೊರಗಿನವಳೆನ್ನಲಾಗದು. ಅವಳು ತಂಡವಷ್ಟೇ ಅಲ್ಲ, ಆದ್ದರಿಂದ ಅವಳನ್ನು ತಂಡಕ್ಕಾಗಿ ಉರಿಸಿಬಿಡಲಾಗದು. 2022ರಲ್ಲಿ ಎಗೊನು ಕಣ್ಣೀರಿಡುತ್ತ, ತಾನು ಇಟಲಿಯವಳೇ ಎಂದು ಜನ ಕೇಳುತ್ತಾರೆ, ರಾಷ್ಟ್ರೀಯ ತಂಡ ಇನ್ನು ಸಾಕು ಎಂದಾಗ ಈ ಎರಡು ಹಕ್ಕೂ ಒಟ್ಟಿಗೆ ಮುರಿದಿದ್ದವು.

ಪ್ಯಾರಿಸ್‌ನಲ್ಲಿ ಆಡಿದ ಆ ಬಟ್ಟೆಯ ಎಳೆಗಳನ್ನು ನೋಡಿ: ನೇಪಲ್ಸ್ ಸೀಮೆಯ ಲಿಬೆರೊ ಮೋನಿಕಾ ದೆ ಜೆನ್ನಾರೊ, ಸಾರ್ಡಿನಿಯಾದ ಸೆಟ್ಟರ್ ಅಲೆಸ್ಸಿಯಾ ಒರ್ರೊ, ಪಲೆರ್ಮೊದಲ್ಲಿ ಐವರಿ ಕೋಸ್ಟ್‌ ಮೂಲದ ತಂದೆತಾಯಿಗೆ ಹುಟ್ಟಿದ ಮಿರಿಯಮ್ ಸಿಲ್ಲಾ, ಐಸ್‌ಲ್ಯಾಂಡ್‌ನಲ್ಲಿ ರಷ್ಯನ್ ತಂದೆತಾಯಿಗೆ ಹುಟ್ಟಿದ ಎಕತೆರಿನಾ ಅಂತ್ರೊಪೊವಾ, ಕೋಚ್ ಹೂಲಿಯೊ ವೆಲಾಸ್ಕೊ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ರೋಮ್‌ನ ಗೋಡೆಯ ಮೇಲಿದ್ದದ್ದು ಎಗೊನು ಒಬ್ಬಳೇ ನೆಗೆದ ಚಿತ್ರ. ಅಂಗಳದಲ್ಲಿ ಆ ಚೆಂಡು ದೆ ಜೆನ್ನಾರೊ ನೆಲದಿಂದ ಎತ್ತಿ, ಒರ್ರೊ ಬೆರಳತುದಿಯಲ್ಲಿ ತಿರುಗಿಸಿ ಮೇಲಕ್ಕೆ ಕಳಿಸಿದ ಮೇಲಷ್ಟೇ ಅವಳ ಅಂಗೈಗೆ ಬರುತ್ತಿತ್ತು.