ಬಿದ್ದವನು ಯಾರ ಹೊಣೆ?



ನಮ್ಮ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಬೆಟ್ಟವನ್ನು ನೀವು ನೋಡಿರಬಹುದು. ಜಾತ್ರೆಯ ದಿನಗಳಲ್ಲಿ ಭಕ್ತರು ಸಾಲುಗಟ್ಟಿ ಅದರ ಮೆಟ್ಟಿಲುಗಳನ್ನು ಹತ್ತುತ್ತಾರೆ. ಉರಿಬಿಸಿಲಿನಲ್ಲಿ ಒಬ್ಬ ವೃದ್ಧ ತಲೆಸುತ್ತಿ ಬಿದ್ದನೆಂದು ಇಟ್ಟುಕೊಳ್ಳಿ. ಹಿಂದೆ ಬರುವವರೆಲ್ಲ ಯಾರಾದರೂ ನೋಡಿಕೊಳ್ಳುತ್ತಾರೆಂದು ಪಕ್ಕಕ್ಕೆ ಸರಿದು ಮೇಲೇರಿದರೆ, ಆ ‘ಯಾರಾದರೂ’ ಯಾರು? ಬುಡದಲ್ಲಿ ಹಣ್ಣು ಮಾರಲು ಕುಳಿತ ನಮ್ಮ ಸಹೋದರನಿಗೂ ಆ ಹೊಣೆಯಲ್ಲಿ ಪಾಲಿದೆಯೇ?

2023ರ ಜುಲೈ 27ರಂದು ಇದೇ ಪ್ರಶ್ನೆ ಜಗತ್ತಿನ ಎರಡನೆಯ ಅತಿ ಎತ್ತರದ ಶಿಖರದಲ್ಲಿ ಎದ್ದಿತು. ಕಾರಕೋರಂ ಶ್ರೇಣಿಯ ಕೆ2 ಶಿಖರದ ಎತ್ತರ 8,611 ಮೀಟರ್. ಅದರಲ್ಲಿ ಸುಮಾರು 8,200 ಮೀಟರ್ ಎತ್ತರದ, ‘ಬಾಟಲ್‌ನೆಕ್’ ಎಂಬ ಕಡಿದಾದ ಇಕ್ಕಟ್ಟಿನಲ್ಲಿ ಬಾಲ್ಟಿಸ್ತಾನದ ಒಬ್ಬ ಮುಸ್ಲಿಮ್ ಕೂಲಿಕಾರ ಜಾರಿ ಬಿದ್ದ. ವಯಸ್ಸು 27, ಮೂವರು ಮಕ್ಕಳ ತಂದೆ. ಇತರರು ಹತ್ತಲೆಂದು ಹಗ್ಗ ಬಿಗಿಯುವ ತಂಡದ ಕೆಲಸಕ್ಕೆ ಹೋದವನು. ಅವನಿಗೆ ಸರಿಯಾದ ಬೆಚ್ಚನೆಯ ಉಡುಪೂ ಇರಲಿಲ್ಲವೆಂದು ವರದಿಯಾಯಿತು. ಕೆಲವರು ಅವನ ಬಳಿ ನಿಂತರು, ಆಮ್ಲಜನಕ ಕೊಟ್ಟರು, ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಹಲವು ಹತ್ತು ಮಂದಿ ಅವನನ್ನು ದಾಟಿಕೊಂಡು ಶಿಖರದತ್ತ ನಡೆದರು. ಡ್ರೋನ್ ತೆಗೆದ ಚಿತ್ರಗಳಲ್ಲಿ ಜಗತ್ತು ಅದನ್ನು ಕಂಡಿತು. ಆತ ಅಲ್ಲಿಯೇ ಕೊನೆಯುಸಿರೆಳೆದ.

ಅಷ್ಟು ಜನರಿದ್ದಾಗ ಒಬ್ಬೊಬ್ಬರ ಹೊಣೆ ಹಗುರವಾಗುತ್ತದೆಯೆಂದು ಮನಸ್ಸು ಲೆಕ್ಕ ಹಾಕುತ್ತದೆ. ನಮ್ಮ ಧರ್ಮಶಾಸ್ತ್ರದ ಲೆಕ್ಕ ಇದಕ್ಕೆ ತದ್ವಿರುದ್ಧ. ಫರ್ಝ್ ಕಿಫಾಯ ಎಂಬ ಮಾತನ್ನು ನಾವು ಜನಾಝ ನಮಾಝಿನ ಸಂದರ್ಭದಲ್ಲಿ ಮಾತ್ರ ನೆನೆಯುತ್ತೇವೆ. ಕೆಲವರು ನೆರವೇರಿಸಿದರೆ ಎಲ್ಲರ ಮೇಲಿನ ಬಾಧ್ಯತೆ ತೀರಿತು ಎಂಬ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಯಾರೂ ನೆರವೇರಿಸದಿದ್ದರೆ, ಅರಿತೂ ಸಾಮರ್ಥ್ಯವಿದ್ದೂ ಸುಮ್ಮನಿದ್ದ ಪ್ರತಿಯೊಬ್ಬರೂ ಅಪರಾಧಿಗಳು ಎಂಬುದು ಉಳಿದರ್ಧ. ಪಾಪವನ್ನು ನೂರು ಜನ ಹಂಚಿಕೊಂಡು ನೂರರಲ್ಲೊಂದು ಪಾಲು ಹೊರುವುದಲ್ಲ, ನೂರು ಜನರೂ ಪೂರ್ತಿಯಾಗಿ ಹೊರುವುದು. ಬಿದ್ದವನ ಬಳಿ ನೀವೊಬ್ಬರೇ ಇದ್ದರೆ ಅದೇ ಕರ್ತವ್ಯ ನಿಮ್ಮ ಪಾಲಿಗೆ ಫರ್ಝ್ ಐನ್ ಆಗಿಬಿಡುತ್ತದೆ.

ಆ ಕರ್ತವ್ಯದ ತೂಕವೆಷ್ಟು? ಹಿಜರಿ 660ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್(ರ) ಇದನ್ನು ವಿವೇಚಿಸಿದ್ದಾರೆ. ನಮಾಝಿನ ವೇಳೆ ಮೀರುತ್ತಿರುವಾಗ ಒಬ್ಬ ಮುಳುಗುತ್ತಿರುವುದು ಕಂಡರೆ ಮೊದಲು ಅವನನ್ನು ಉಳಿಸಬೇಕು, ನಮಾಝನ್ನು ಆಮೇಲೆ ಕಝಾ ಮಾಡಬಹುದು ಎಂಬುದು ಅವರ ತೀರ್ಮಾನ. ಉಪವಾಸ ಮುರಿಯದೆ ರಕ್ಷಿಸಲು ಸಾಧ್ಯವಾಗದಿದ್ದರೆ ಉಪವಾಸವನ್ನೂ ಮುರಿಯಬೇಕು. ನಮ್ಮ ಈ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಮದ್‌ಹಬಿನಲ್ಲೂ ಮುಳುಗುತ್ತಿರುವವನಿಗಾಗಿ ನಮಾಝ್ ಮುರಿಯಬೇಕೆಂದೇ ಇದೆ. ಅಲ್ಲಾಹನ ಮುಂದೆ ನಿಂತ ದಾಸನನ್ನೇ ಅತ್ತ ಓಡು ಎನ್ನುವ ಧರ್ಮ, ಶಿಖರದ ಮೇಲಿನ ಒಂದು ಫೋಟೋಕ್ಕಾಗಿ ಓಡದೆ ನಿಂತವನ ಸಬೂಬನ್ನು ಒಪ್ಪೀತೇ?

ಬಿದ್ದವನು ನಮ್ಮವನಲ್ಲ ಎಂಬ ಸಬೂಬೂ ನಿಲ್ಲದು. ಸೂರಃ ಅಲ್ ಮಾಇದದ 32ನೇ ಸೂಕ್ತವು ಒಂದು ಜೀವ ಉಳಿಸಿದ್ದನ್ನು ಸಮಸ್ತ ಮಾನವರನ್ನು ಉಳಿಸಿದ್ದಕ್ಕೆ ಸಮಾನವಾಗಿಸಿದೆ, ಯಾರ ಜೀವವೆಂದು ಕೇಳಿಲ್ಲ. ಬಾಯಾರಿದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಹತ್ತಿ ಬಂದವನಿಗೆ ಕ್ಷಮೆ ದೊರೆತ ಸಂಗತಿಯನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಕೈ ಎರಡೂ ಹತ್ತುವುದಕ್ಕೆ ಬೇಕಾದ್ದರಿಂದ ಬಾಯಲ್ಲಿ ಕಚ್ಚಿದ. ಅವನಿಗೂ ಜಾರುವ ಭಯವಿತ್ತು.

ಭಯದ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಂಟು ಸಾವಿರ ಮೀಟರಿನ ಮೇಲೆ ತನ್ನ ದೇಹವನ್ನು ತಾನು ಹೊರುವುದೇ ಕಷ್ಟ. ಅಲ್ಲಾಹನು ಯಾರ ಮೇಲೂ ಶಕ್ತಿಮೀರಿದ ಹೊರೆ ಹೊರಿಸುವುದಿಲ್ಲ. ಈಜು ಬಾರದವನು ಕೆರೆಗೆ ಹಾರಬೇಕೆಂದಿಲ್ಲ, ಆದರೆ ಹಗ್ಗ ಎಸೆಯಬೇಕು, ಕೂಗಬೇಕು. ಹೊತ್ತು ಇಳಿಸಲಾಗದವನು ಕೈ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಬಹುದು. ‘ಆಗುವುದಿಲ್ಲ’ ಎಂಬುದನ್ನು ಪ್ರಯತ್ನಿಸಿದವನು ಹೇಳಬೇಕು.

ಪ್ರಯತ್ನಿಸಿದವನೂ ಇದ್ದ. ಅದೇ ವರ್ಷ ಮೇ 18ರಂದು ಎವರೆಸ್ಟ್‌ನಲ್ಲಿ ಗೆಲ್ಜೆ ಶೆರ್ಪಾ ಎಂಬ ನೇಪಾಳಿ ಮಾರ್ಗದರ್ಶಕ, ಹಗ್ಗಕ್ಕೆ ಜೋತು ನಡುಗುತ್ತಿದ್ದ ಅಪರಿಚಿತ ಮಲೇಷ್ಯನ್ ಆರೋಹಿಯನ್ನು ಕಂಡ. ಗಂಟೆಗಟ್ಟಲೆ ಬೆನ್ನ ಮೇಲೆ ಹೊತ್ತು, ಹಿಮದಲ್ಲಿ ಎಳೆದು, ಇನ್ನೊಬ್ಬ ಶೆರ್ಪಾನ ನೆರವಿನಿಂದ ಕೆಳಗಿನ ಶಿಬಿರಕ್ಕೆ ಇಳಿಸಿದ. ಆ ಆರೋಹಿ ಬದುಕಿದ.

ಪರ್ವತದ ಮಾತು ನಮಗೇಕೆ ಎನ್ನುವಿರಾ? 2017ರ ಫೆಬ್ರವರಿಯಲ್ಲಿ ತುಂಗಭದ್ರೆಯ ಆಚೆಯ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ 18ರ ತರುಣನಿಗೆ ಬಸ್ ಡಿಕ್ಕಿ ಹೊಡೆಯಿತು. ರಕ್ತದ ಮಡುವಿನಲ್ಲಿ ಅವನು ಸಹಾಯಕ್ಕಾಗಿ ಅಂಗಲಾಚುತ್ತಿದ್ದರೆ ಸುತ್ತ ಸೇರಿದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ತರುಣ ಬದುಕಲಿಲ್ಲ. ಕೊಪ್ಪಳ ಎಂಟು ಸಾವಿರ ಮೀಟರ್ ಎತ್ತರದಲ್ಲೇನೂ ಇಲ್ಲ.

ಪೊಲೀಸು, ಸಾಕ್ಷಿ, ಅಲೆದಾಟ ಎಂಬ ಅಂಜಿಕೆಗೆ ಹಿಂದೆ ಕಾರಣವಿತ್ತು. ಈಗ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ, ಗಾಯಾಳುವಿಗೆ ಸದುದ್ದೇಶದಿಂದ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಇದನ್ನು ಮನೆಯ ಮಕ್ಕಳಿಗೆ ತಿಳಿಸಿ, 108ಕ್ಕೆ ಕರೆಮಾಡುವುದನ್ನೂ ಕಲಿಸಿ.

ಗೆಲ್ಜೆಯ ಕಥೆಯಲ್ಲಿ ಇನ್ನೊಬ್ಬನಿದ್ದಾನೆ, ಅವನನ್ನು ಯಾರೂ ಹೊಗಳುವುದಿಲ್ಲ. ಭಾರೀ ಹಣ ತೆತ್ತು ಅವನನ್ನು ಕರೆತಂದಿದ್ದ ಚೀನೀ ಆರೋಹಿ. ಕರಾರಿನಂತೆ ನನ್ನನ್ನು ಶಿಖರಕ್ಕೆ ಕರೆದೊಯ್ಯಿ ಎನ್ನುವ ಅಧಿಕಾರ ಅವನಿಗಿತ್ತು. ಗೆಲ್ಜೆ ಕೇಳಿಕೊಂಡಾಗ ಅವನು ತನ್ನ ಶಿಖರ ಬಿಟ್ಟು ಹಿಂತಿರುಗಿದ. ನಮ್ಮಲ್ಲಿ ಲಾರಿ, ಟೆಂಪೋ ಇಟ್ಟುಕೊಂಡವರು ಬಹಳ ಜನರಿದ್ದಾರೆ. ಕೂಡ್ಲಿಗಿಯ ಹೆದ್ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಬಿದ್ದವನೊಬ್ಬ ಕಂಡಾಗ ಚಾಲಕನ ಕಾಲು ಬ್ರೇಕಿನ ಮೇಲೆ ಹೋಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮಾಲೀಕನ ಭಯದ ಮೇಲಿದೆ. ಲೋಡು ತಡವಾದರೆ ಬಾಡಿಗೆ ಮುರಿಯುತ್ತೇನೆಂದು ಗದರಿಸಿ ಕಳಿಸಿದ ಮಾಲೀಕರೇ, ಅಂಥ ಕಾರಣಕ್ಕೆ ತಡವಾದರೆ ಒಂದು ಪೈಸೆಯನ್ನೂ ಮುರಿಯುವುದಿಲ್ಲವೆಂದು ನಾಳೆ ಗಾಡಿ ಹೊರಡುವ ಮುನ್ನ ಅವನಿಗೆ ಹೇಳಿಬಿಡಿ.