ತಿದಿಯ ಉಸಿರು ಮತ್ತು ನಾದದ ಉಪಾಸನೆ

ಸಂಗೀತವನ್ನು ಉಪಾಸನೆಯೆಂದು ಭಾವಿಸುವ ಪರಂಪರೆಯಲ್ಲಿ ವೀಣೆ, ಕೊಳಲು, ಮೃದಂಗಗಳಿಗೆ ದೇವತೆಗಳ ಕೈಯಲ್ಲೇ ಸ್ಥಾನ ದೊರೆತಿರುವುದರಿಂದ ಅವುಗಳ ಅರ್ಹತೆಯನ್ನು ಯಾರೂ ಪ್ರಶ್ನಿಸಿಲ್ಲ. ಆದರೆ ಯುರೋಪಿನಿಂದ ಬಂದು ಭಜನೆಮನೆಯನ್ನೂ ನಾಟಕದ ಅಟ್ಟವನ್ನೂ ತನ್ನದಾಗಿಸಿಕೊಂಡ ಹಾರ್ಮೋನಿಯಂ ನಾದೋಪಾಸನೆಯ ಸಾಧನವಾಗಬಲ್ಲುದೇ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಹಾಸನ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲದಲ್ಲಿ, 1173ರಲ್ಲಿ, ಬೂಚಿರಾಜನು ಕಟ್ಟಿಸಿದ ಬೂಚೇಶ್ವರ ದೇವಾಲಯವಿರುವ ಕೊರವಂಗಲವೂ, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವೂ ಇರುವ ಇದೇ ಜಿಲ್ಲೆಯ ಊರೂರುಗಳಲ್ಲಿ, ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು ತಮ್ಮ ಇಡೀ ಬದುಕನ್ನು ಪೆಟ್ಟಿಗೆಯ ಮುಂದೆ ಕಳೆದಿದ್ದಾರೆ.

ವಾದ್ಯದ ರಚನೆ ತಿಳಿದರೆ ಆಕ್ಷೇಪದ ಬೇರೂ ತಿಳಿಯುತ್ತದೆ. ವಿಯೆನ್ನಾದ ಸಿರಿಲ್ ಡೆಮಿಯನ್ 1829ರಲ್ಲಿ ಹಕ್ಕುಪತ್ರ ಪಡೆದ ಅಕಾರ್ಡಿಯನ್‌ನಲ್ಲಾಗಲಿ, ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂನಲ್ಲಾಗಲಿ, ತಿದಿಯಿಂದ ನುಗ್ಗುವ ಗಾಳಿ ಒಂದು ತುದಿಯಲ್ಲಷ್ಟೇ ಬಿಗಿದಿರುವ ಲೋಹದ ರೀಡನ್ನು ಕಂಪಿಸಿ ಸ್ವರವನ್ನು ಹೊರಡಿಸುತ್ತದೆ. ಪ್ರತಿ ಸ್ವರಕ್ಕೂ ಅದರದೇ ರೀಡು ಇರುವುದರಿಂದ, ಸ್ವರದಿಂದ ಸ್ವರಕ್ಕೆ ಜಾರುವ, ಅದನ್ನು ಅಲುಗಿಸುವ ಗಮಕ ಇಲ್ಲಿ ಸಾಧ್ಯವಿಲ್ಲ. ಇದರ ಜೊತೆಗೆ ಪಾಶ್ಚಾತ್ಯ ಸಮಶ್ರುತಿ ಪದ್ಧತಿಯು ಒಂದು ಸ್ಥಾಯಿಯನ್ನು 1200 ಸೆಂಟ್‌ಗಳೆಂದು ಎಣಿಸಿ ಹನ್ನೆರಡು ಸಮಪಾಲು ಮಾಡುವುದರಿಂದ, ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ 386 ಸೆಂಟ್‌ಗಳ ಗಾಂಧಾರವು ಪೆಟ್ಟಿಗೆಯಲ್ಲಿ 400ಕ್ಕೆ ಏರಿ ಕುಳಿತಿರುತ್ತದೆ. ಪಳಗಿದ ಕಿವಿಗೆ ಈ ಹದಿನಾಲ್ಕು ಸೆಂಟ್‌ಗಳ ಅಂತರ ಚುಚ್ಚುತ್ತದೆ. ರವೀಂದ್ರನಾಥ ಠಾಕೂರರೂ ವಿರೋಧಿಸಿದ್ದ ಈ ವಾದ್ಯವನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿತು, ಮತ್ತು ಆ ನಿಷೇಧ ಸಡಿಲಗೊಳ್ಳಲು ಮೂರು ದಶಕಗಳೇ ಬೇಕಾದವು.

ಆಕ್ಷೇಪ ಸುಳ್ಳಲ್ಲ. ಆದರೆ ಅದು ರಾಗದ ವಿಷಯದ ಆಕ್ಷೇಪವೇ ಹೊರತು ನಾದದ ವಿಷಯದ್ದಲ್ಲ, ಮತ್ತು ಈ ಎರಡನ್ನೂ ಬೆರೆಸಿದ್ದರಿಂದಲೇ ಗೊಂದಲ ಬೆಳೆಯಿತು. ಬೂಚೇಶ್ವರ ಗುಡಿ ಕಟ್ಟಿದ ಕೆಲವು ದಶಕಗಳ ನಂತರ, ಹೊಯ್ಸಳರ ಎದುರಾಳಿಗಳಾದ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ರಚಿಸಿದನು. ದೇಹದೊಳಗಿನ ಪ್ರಾಣವಾಯು ಮತ್ತು ಅಗ್ನಿಗಳ ಸಂಯೋಗದಿಂದ ನಾದ ಹುಟ್ಟುತ್ತದೆಂದೂ, ಹೊಡೆತ ಅಥವಾ ಘರ್ಷಣೆಯಿಂದ ಕೇಳಿಬರುವುದು ಆಹತ, ಯಾವ ತಾಡನವೂ ಇಲ್ಲದೆ ಯೋಗಿಗಷ್ಟೇ ಗೋಚರಿಸುವುದು ಅನಾಹತವೆಂದೂ ಆ ಗ್ರಂಥ ವಿವರಿಸುತ್ತದೆ. ಆಹತವೆಂಬ ದೃಷ್ಟಿಯಿಂದ ವೀಣೆಯ ತಂತಿಗೂ ಪೆಟ್ಟಿಗೆಯ ರೀಡಿಗೂ ಭೇದವಿಲ್ಲ. ಎರಡೂ ಅನಾಹತದ ಕಡೆಗೆ ಕೇಳುಗನನ್ನು ಕರೆದೊಯ್ಯುವ ದಾರಿಗಳಾಗಬಲ್ಲವೇ ಹೊರತು ತಾವೇ ಗುರಿಯಲ್ಲ. ಶಬ್ದವು ನಿತ್ಯ, ಧ್ವನಿ ಅದನ್ನು ವ್ಯಕ್ತಪಡಿಸುತ್ತದಷ್ಟೇ ಎನ್ನುವ ಮೀಮಾಂಸಕರ ನಿಲುವನ್ನು ಒಪ್ಪಿದವರಿಗಂತೂ ವ್ಯಕ್ತಪಡಿಸುವ ಉಪಕರಣ ಯಾವ ದೇಶದ್ದೆಂಬುದು ಗೌಣ.

ಇನ್ನು ಮೇಷ್ಟ್ರುಗಳ ಕೆಲಸದಲ್ಲಿ ಉಪಾಸನೆಯ ಮತ್ತೊಂದು ಲಕ್ಷಣ, ಅಂದರೆ ಅಹಂಕಾರದ ಶಮನ, ಸ್ಪಷ್ಟವಾಗಿ ಕಾಣುತ್ತದೆ. ಕುರುಕ್ಷೇತ್ರ ನಾಟಕವಾಡಲು ಹೊರಟ ಹಳ್ಳಿಯಲ್ಲಿ, ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ತಾಲೀಮಿಗೆ ಬರುವ ರೈತನ ಗಂಟಲು ಯಾವ ಶ್ರುತಿಗೆ ಒಗ್ಗುತ್ತದೆಂದು ಹುಡುಕಿ, ಅವನು ತಪ್ಪಿದಾಗ ಮತ್ತೆ ಷಡ್ಜಕ್ಕೆ ಕರೆತಂದು, ಅಕ್ಷರ ಬಾರದವನಿಗೂ ಕಂದಪದ್ಯವನ್ನು ಬಾಯಿಪಾಠ ಮಾಡಿಸುವ ಮೇಷ್ಟ್ರು, ಪ್ರದರ್ಶನದ ರಾತ್ರಿ ರಂಗದ ಪಕ್ಕದಲ್ಲಿ ಕುಳಿತು ಬೆಳಗಿನ ಜಾವದವರೆಗೆ ಇನ್ನೊಬ್ಬರ ಉಸಿರಿಗೆ ತನ್ನ ತಿದಿಯನ್ನು ಹೊಂದಿಸುತ್ತಾರೆ. ಚಪ್ಪಾಳೆ ಮತ್ತು ಹಾರ ಶ್ರೀಕೃಷ್ಣನ ಪಾತ್ರಧಾರಿಗೆ ಸಲ್ಲುತ್ತವೆ. ಗಮಕಕ್ಕೆ ಒದಗದ ಸ್ಥಿರ ಸ್ವರವೇ ಇಲ್ಲಿ ಉಪಕಾರಿ, ಏಕೆಂದರೆ ಸಂಗೀತದ ಪಾಠವಿಲ್ಲದ ಕೊರಳಿಗೆ ಹಿಡಿದು ನಿಲ್ಲಲು ಕದಲದ ಆಸರೆ ಬೇಕು. ಫಲದ ಹಂಬಲವಿಲ್ಲದ ಕರ್ಮವನ್ನು ಗೀತೆ ಉಪದೇಶಿಸುತ್ತದಾದರೆ, ಅದನ್ನು ಆಚರಿಸಿದವರ ಸಾಲಿನಲ್ಲಿ ಈ ಮೇಷ್ಟ್ರುಗಳಿಗೆ ನಿಸ್ಸಂಶಯವಾಗಿ ಸ್ಥಾನವಿದೆ.

ಶಾಸ್ತ್ರೀಯ ವೇದಿಕೆಯಲ್ಲಿಯೂ ಇದೇ ಧರ್ಮವನ್ನು ಬಾಳಿ ತೋರಿದವರು ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಅವರು ಬೆಳಗಾವಿಯಲ್ಲಿ ಸಂಗೀತ ವಿದ್ಯಾಲಯವನ್ನು ನಡೆಸಿ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್‌ರಂಥ ಗಾಯಕರಿಗೆ ಸಾಥ್ ನೀಡುತ್ತ, ಸ್ವತಂತ್ರ ವಾದನದಿಂದಲೂ ಪೆಟ್ಟಿಗೆಗೆ ಗೌರವ ತಂದರು. ಜಾರಲಾರದ ಸ್ವರಗಳ ನಡುವೆ ಬೆರಳಿನ ಚಲನೆಯಿಂದಲೇ ಗಾಯನದ ಭಾವವನ್ನು ಮೂಡಿಸುವುದು ಸಾಧ್ಯವೆಂಬುದಕ್ಕೆ ಅವರ ವಾದನಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ.

ಹಾರ್ಮೋನಿಯಂ ರಾಗದ ಎಲ್ಲ ಸೂಕ್ಷ್ಮಗಳನ್ನು ನುಡಿಸಲಾರದೆಂಬುದನ್ನು ಒಪ್ಪಿಕೊಳ್ಳಲೇಬೇಕು. ಅದರಿಂದ ನಾದೋಪಾಸನೆ ಅಸಾಧ್ಯವೆಂಬ ತೀರ್ಮಾನಕ್ಕೆ ಮಾತ್ರ ಶಾಸ್ತ್ರದಲ್ಲಿ ಆಧಾರವಿಲ್ಲ. ಹಾಸನ ಜಿಲ್ಲೆಯ ಸಂಗೀತೋತ್ಸವಗಳನ್ನು ನಡೆಸುವವರು ವಿದ್ವಾಂಸರ ಜೊತೆಯಲ್ಲಿ ನಾಟಕದ ಮೇಷ್ಟ್ರುಗಳನ್ನೂ ವೇದಿಕೆಗೆ ಕರೆದು, ಅವರು ಕಲಿಸುವ ಕ್ರಮವನ್ನು ಅವರಿರುವಾಗಲೇ ದಾಖಲಿಸಬೇಕು.